ಚಾವಡಿಯಲ್ಲೊಂದು ಚಕ್ರ

ನಮ್ಮ ಮನೆಯ ಹೊಸ್ತಿಲು ದಾಟುವ ನೆಂಟರಿಗೆ ಅಮ್ಮ ಬೆಲ್ಲ-ನೀರಿಗಿಂತ ಮೊದಲು ಕೊಡುತ್ತಿದ್ದುದು ಎಚ್ಚರಿಕೆಯನ್ನು.

"ಚಕ್ರ ಉಂಟು, ನೋಡಿ ಬನ್ನಿ."

ಕಾಪು ಪೇಟೆಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಹೆಂಚಿನ ಮನೆ. ಬೇರೆಯವರ ಚಾವಡಿಯಲ್ಲಿ ನಾಲ್ಕು ಕುರ್ಚಿ, ಒಂದು ಮಂಚ, ಗೋಡೆಯಲ್ಲಿ ದೇವರ ಪಟ ಇರುತ್ತಿದ್ದವು. ನಮ್ಮ ಚಾವಡಿಯ ಎರಡು ಮರದ ಕಂಬಗಳ ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ಅಚ್ಚು, ಅದರ ಮೇಲೆ ಕಾರಿನ ಒಂದು ಚಕ್ರ. ಸೈಕಲ್ಲಿನದಕ್ಕೆ ಇರುವ ಹಾಗೆ ಕಡ್ಡಿಗಳಿದ್ದ, ಆದರೆ ಕಡ್ಡಿಯೊಂದೊಂದೂ ಪೆನ್ಸಿಲಿನಷ್ಟು ದಪ್ಪವಿದ್ದ ಚಕ್ರ. ಟೈರಿನ ಮೈಮೇಲೆಲ್ಲ ಸೀಮೆಸುಣ್ಣದ ಗೆರೆ, ಬಾಣ, ಅಡ್ಡಗೀಟು. ಬಂದವರು ಅದನ್ನು ಬಳಸಿಕೊಂಡು ಹೋಗಿ ಗೋಡೆಗೆ ತಾಗಿಸಿಟ್ಟ ಬೆಂಚಿನಲ್ಲಿ ಮೊಣಕಾಲು ಒಳಗೆಳೆದು, ಬಸ್ಸಿನಲ್ಲಿ ಕೂತಂತೆ ಕೂರಬೇಕಾಗಿತ್ತು. ಮಾತನಾಡುವವರ ಮುಖ ಕಡ್ಡಿಗಳ ನಡುವೆ ಕಾಣುತ್ತಿತ್ತು. ಮನೆಯೊಳಗೆ ನಾವು ಆಡುತ್ತಿದ್ದುದು ತುಳು. ಆಗಿನ ಮಾತುಗಳನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ಚಕ್ರದ ವಿಚಾರಕ್ಕೆ ಅಮ್ಮ ಬಿಡುತ್ತಿದ್ದ ಉಸಿರನ್ನು ಯಾವ ಭಾಷೆಗೂ ತರುವುದು ಸಾಧ್ಯವಿಲ್ಲ.

ಕಾರು ಅಪ್ಪನಿಗೆ ಬಂದದ್ದು ಅವರ ಸೋದರಮಾವನಿಂದ. ನಮ್ಮಲ್ಲಿ ಆಸ್ತಿ ಮಾವನಿಂದ ಅಳಿಯನಿಗೆ ಇಳಿದು ಬರುವ ಪದ್ಧತಿ. ಇಳಿದು ಬರುವ ಹೊತ್ತಿಗೆ ಸರಿಯಾಗಿ ಭೂಸುಧಾರಣೆಯ ಕಾಯಿದೆ ಬಂತು. ಗದ್ದೆಗಳೆಲ್ಲ ಗೇಣಿಯವರ ಪಾಲಾದವು. ಕಾರನ್ನು ಯಾವ ಗೇಣಿಯವರೂ ಕೇಳಲಿಲ್ಲ. ಇಂಗ್ಲಿಷರ ಕಾಲದ, ಮುಂದೆ ಎರಡು ದೊಡ್ಡ ದೀಪಗಳಿದ್ದ, ಕಪ್ಪು ಬಣ್ಣದ ಆ ಗಾಡಿ ದನದ ಹಟ್ಟಿಯ ಪಕ್ಕದ ಕೊಟ್ಟಿಗೆಗೆ ಬಂದು ನಿಂತಿತು. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರು. ಕೈವಾರ ಇಲ್ಲದೆ ಕರಿಹಲಗೆಯ ಮೇಲೆ ಒಂದೇ ಎಳೆತದಲ್ಲಿ ವೃತ್ತ ಬರೆಯುತ್ತಿದ್ದರು. ಗೋಡೆಯ ಪಟ ಎಳ್ಳಷ್ಟು ವಾಲಿದರೂ ಊಟದ ನಡುವೆ ಎದ್ದು ಎಂಜಲುಗೈಯನ್ನು ಹಿಂದೆ ಹಿಡಿದು ಎಡಗೈಯಲ್ಲಿ ಸರಿ ಮಾಡುವ ಮನುಷ್ಯ. ಅಂಥವರ ಕೈಗೆ ನಡುಗುವ ಕಾರೊಂದು ಸಿಕ್ಕಿತು.

ಅದು ನಿಧಾನ ಹೋದರೆ ನಡುಗುತ್ತಿರಲಿಲ್ಲ. ಬಸ್ಸಿನ ವೇಗಕ್ಕೆ ಬಂದಿತೋ, ಸ್ಟಿಯರಿಂಗು ಅಪ್ಪನ ಕೈಯಲ್ಲಿ ಹಿಡಿದ ಕೋಳಿಯ ಹಾಗೆ ಒದ್ದಾಡತೊಡಗುತ್ತಿತ್ತು. ಗಾಜುಗಳು ಹಲ್ಲು ಕಡಿಯುತ್ತಿದ್ದವು. ಅಜ್ಜಿ, ಅಂದರೆ ಅಪ್ಪನ ಅಮ್ಮ, ಹಿಂದಿನ ಸೀಟಿನಲ್ಲಿ ಎಲೆಯಡಿಕೆಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದಳು. ಅಪ್ಪ ತೀರ್ಪು ಕೊಟ್ಟರು: ಚಕ್ರ ಒಂದು ಬದಿಗೆ ಭಾರ ಇದೆ, ಅದನ್ನು ಸಮ ಮಾಡಬೇಕು. ಉಡುಪಿಯಲ್ಲಿ ಚಕ್ರ ಬ್ಯಾಲೆನ್ಸ್ ಮಾಡುವ ಮೆಷಿನ್ ಬಂದಿತ್ತು. ಆದರೆ ಕಡ್ಡಿಚಕ್ರದ ನಡುವಿನ ತೂತು ಆ ಮೆಷಿನ್ನಿಗೆ ಕೂರುವಂಥದ್ದಲ್ಲ. ಇದನ್ನು ಹೇಳುವಾಗ ಅಪ್ಪನ ಮುಖದಲ್ಲಿ ದುಃಖ ಇರಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಿದ್ದೆ.

ಕೆಲಸದ ಕ್ರಮ ಹೀಗೆ. ಅಚ್ಚಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಬಿಟ್ಟು, ಚಕ್ರವನ್ನು ಏರಿಸಿ ಮೆಲ್ಲಗೆ ತಿರುಗಿಸಿ ಬಿಡುವುದು. ಅದು ತಿರುಗಿ ತಿರುಗಿ, ತೂಗಿ ತೂಗಿ ನಿಲ್ಲುತ್ತದೆ. ನಿಂತಾಗ ಕೆಳಗೆ ಬಂದ ಜಾಗ ಭಾರದ ಜಾಗ. ಅಲ್ಲಿ ಸೀಮೆಸುಣ್ಣದ ಗುರುತು. ಅದಕ್ಕೆ ನೇರ ಎದುರಿನ ಕಡ್ಡಿಗೆ ಸೀಸ ಸುತ್ತುವುದು. ಮತ್ತೆ ತಿರುಗಿಸುವುದು. ಎಲ್ಲಿ ಬಿಟ್ಟರೆ ಅಲ್ಲೇ ನಿಂತರೆ ಚಕ್ರ ಸಮವಾಯಿತು ಎಂದು ಲೆಕ್ಕ. ಸೀಸಕ್ಕೆ ನಮ್ಮೂರಲ್ಲಿ ಬರ ಇಲ್ಲ. ಬಲೆ ಮುಳುಗಲಿಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಅಪ್ಪ ಕಡಲ ಬದಿಯಿಂದ ತಂದು ಬಡಿದು ಪಟ್ಟಿ ಮಾಡುತ್ತಿದ್ದರು. ಮೊದಲ ಸಲ ಬಡಿದದ್ದು ಅಮ್ಮ ಮಸಾಲೆ ಅರೆಯುವ ಕಲ್ಲಿನ ಮೇಲೆ. ಆ ದಿನ ನಮ್ಮ ಮನೆಯಲ್ಲಿ ಮೀನುಸಾರು ಆಗಲಿಲ್ಲ. ಅಮ್ಮ ಕಲ್ಲನ್ನು ಬಾವಿಕಟ್ಟೆಗೆ ಉರುಳಿಸಿಕೊಂಡು ಹೋಗಿ ಬೂದಿ ಹಾಕಿ ತಿಕ್ಕಿದಳು, ಬಿಸಿನೀರು ಸುರಿದು ಮತ್ತೆ ತಿಕ್ಕಿದಳು. ನಾವು ಗಂಜಿಗೆ ಮಾವಿನ ಮಿಡಿ ನಂಜಿಕೊಂಡು ಉಂಡೆವು.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಗಾಳಿಯ ಕಾನೂನು. ಸಮಕ್ಕೆ ಹತ್ತಿರವಾದ ಚಕ್ರ ಬಹಳ ಸೂಕ್ಷ್ಮ. ಗಾಳಿ ತಾಗಿದರೆ ತಾನೇ ಅಲ್ಲಾಡುತ್ತದೆ. ಕಾಪುವಿನಲ್ಲಿ ಕಡಲ ಗಾಳಿ ಇಲ್ಲದ ಸಂಜೆ ಯಾವುದು? ಆದ್ದರಿಂದ ಅಪ್ಪ ಶಾಲೆಯಿಂದ ಬಂದು ಚಹಾ ಕುಡಿದು ಬನಿಯನ್ನಿಗೆ ಇಳಿದರೆ, ಕಿಟಕಿ ಬಾಗಿಲು ಎಲ್ಲ ಮುಚ್ಚಬೇಕು. ಬೇಸಿಗೆಯ ಸೆಕೆಯಲ್ಲಿ! ಬೀಸಣಿಗೆ ಬೀಸಬಾರದು. ಚಾವಡಿಯಲ್ಲಿ ಯಾರೂ ನಡೆಯಬಾರದು. ನಾನು ಮಗ್ಗಿ ಹೇಳುವ ಹೊತ್ತು ಅದೇ. ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಬೇಕು. ಸೆರಗಿನಿಂದ ಮುಖದ ಬೆವರು ಒರೆಸಿದ್ದಕ್ಕೆ ಅಜ್ಜಿಗೂ ಬೈಗಳು ಬಿತ್ತು.

"ಅಮ್ಮಾ, ಒಂದು ಗಳಿಗೆ ಸುಮ್ಮನೆ ಕೂತುಕೊಳ್ಳಿಕ್ಕೆ ಆಗುದಿಲ್ವಾ? ಚಕ್ರ ನಿಲ್ಲಲಿ."

"ಚಕ್ರ ನಿಲ್ಲುವ ಮೊದಲು ನನ್ನ ಉಸಿರು ನಿಲ್ತದೆ ಮಾರಾಯ. ಆಗ ನಿನ್ನ ಚಾವಡಿಯಲ್ಲಿ ಗಾಳಿಯೂ ಇಲ್ಲ, ಅಮ್ಮನೂ ಇಲ್ಲ."

ಅಮ್ಮನ ದಿನಚರಿ ಗಡಿಯಾರಕ್ಕೇ ಪಾಠ ಹೇಳುವಂಥದ್ದು. ಮುಂಜಾನೆ ದನದ ಹಾಲು, ನಂತರ ಬಾವಿಯ ನೀರು, ನಂತರ ಗಂಜಿಯ ಒಲೆ. ಸಂಜೆ ದೀಪ, ದೀಪದ ಬಳಿಕ ನನ್ನ ಪಾಠ, ಪಾಠದ ಬಳಿಕ ಊಟ. ಒಂದು ಮತ್ತೊಂದರ ಹೊತ್ತನ್ನು ತಿನ್ನಬಾರದು. ಮುಂದೆ ಮಣಿಪಾಲದಲ್ಲಿ ಹುಡುಗಿಯರ ಹಾಸ್ಟೆಲ್ಲೊಂದರ ವಾರ್ಡನ್ ಆಗಿ ಇಷ್ಟು ವರ್ಷ ನಾನು ನಡೆಸಿದ ಗಂಟೆ, ಬೀಗ, ಹಾಜರಿಯ ಶಿಸ್ತೆಲ್ಲ ಆ ಅಡುಗೆಮನೆಯದು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದಿರಬೇಕು ಎಂಬುದು ಅವಳ ಕಾನೂನು, ಬಾಗಿಲು ಮುಚ್ಚಿರಬೇಕು ಎಂಬುದು ಅಪ್ಪನದು. ಇಬ್ಬರೂ ಶಿಸ್ತಿನವರೇ. ಶಿಸ್ತಿನವರಿಬ್ಬರು ಒಂದೇ ಮನೆಯಲ್ಲಿದ್ದರೆ ಮನೆ ನೇರವಾಗಿರುತ್ತದೆ ಎಂದು ತಿಳಿದವರಿಗೆ ಮದುವೆಯ ಅನುಭವ ಇಲ್ಲ.

ಆದರೆ ಅಮ್ಮನ ನಿಜವಾದ ಸಂಕಟ ಚಾವಡಿಯದಲ್ಲ, ತವರಿನದು. ಅವಳ ತವರು ಕಾರ್ಕಳ. ಬಸ್ಸಿನಲ್ಲಿ ಪಡುಬಿದ್ರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಬೆಳ್ಮಣ್ಣಿನ ಮೇಲೆ ಹೋದರೆ ಊಟದ ಹೊತ್ತಿಗಿಂತ ಮೊದಲು ಮುಟ್ಟುವ ಊರು. ಕಾರು ಬರುವ ಮೊದಲು ಅವಳು ಹೋಗಿ ಬರುತ್ತಿದ್ದಳು. ಕಾರು ಬಂದ ಮೇಲೆ ಹೋಗುವುದು ನಿಂತಿತು. ಮನೆಯಲ್ಲಿ ಕಾರು ಇಟ್ಟುಕೊಂಡು ಹೆಂಡತಿಯನ್ನು ಬಸ್ಸಿನಲ್ಲಿ ಕಳಿಸಿದರೆ ಜನ ಏನು ಹೇಳಿಯಾರು? ಕಾರಿನಲ್ಲೇ ಹೋಗೋಣ. ಆದರೆ ಕಾರು ನಡುಗುತ್ತದೆ. ಚಕ್ರ ಸಮವಾಗಲಿ, ಹೋಗೋಣ. ಈ ಮೂರು ಮಾತು ಗಾಣದ ಎತ್ತಿನ ಹಾಗೆ ಮನೆಯಲ್ಲಿ ಸುತ್ತುತ್ತಿದ್ದವು.

"ನಡುಗದ ಹಾಗೆ ಮೆಲ್ಲ ಹೋದರೆ ಆಯ್ತಲ್ಲ?" ಎಂದು ಅಮ್ಮ ಕೇಳಿದ್ದುಂಟು.

"ಮೆಲ್ಲ ಹೋಗ್ಲಿಕ್ಕೆ ಎತ್ತಿನ ಗಾಡಿ ಸಾಕು ಸುಮತಿ. ಇದು ಕಾರು."

"ಎತ್ತಿನ ಗಾಡಿಯಲ್ಲಿ ಹೋಗಿದ್ರೆ ಇಷ್ಟರಲ್ಲಿ ಹತ್ತು ಸಲ ಮುಟ್ಟಿ ಬರ್ತಿದ್ದೆ."

ಒಂದು ಸಲ ಹೋದೆವು, ಅಮ್ಮನ ಅಣ್ಣನ ಹೊಸಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ. ಸ್ಟಿಯರಿಂಗು ನಡುಗಿದಾಗಲೆಲ್ಲ ಅಪ್ಪ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಇಳಿದು, ಜಾಕ್ ಹಾಕಿ, ಚಕ್ರವನ್ನು ಗಾಳಿಯಲ್ಲಿ ತಿರುಗಿಸಿ, ಗುರುತು ನೋಡಿ, ಸೀಸವನ್ನು ಒಂದು ಕಡ್ಡಿಯಿಂದ ಪಕ್ಕದ ಕಡ್ಡಿಗೆ ಸರಿಸಿ, ಕೈ ಒರೆಸಿಕೊಂಡು ಹತ್ತುತ್ತಿದ್ದರು. ಗೇರುಮರದ ನೆರಳು ಸಿಕ್ಕಲ್ಲೆಲ್ಲ ನಾವು ಇಳಿದು ನಿಂತೆವು. ಬಸ್ಸುಗಳು ನಮ್ಮನ್ನು ದಾಟಿ ಹೋದವು. ಮರಳಿ ಬರುವ ಅವೇ ಬಸ್ಸುಗಳು ಮತ್ತೆ ದಾಟಿದವು. ಕಾರ್ಕಳ ಮುಟ್ಟಿದಾಗ ಹಿತ್ತಲಲ್ಲಿ ಉಂಡ ಬಾಳೆಲೆಗಳ ರಾಶಿಗೆ ದನ ಬಾಯಿ ಹಾಕಿತ್ತು. ಮಾವ ಕೈಕಾಲಿಗೆ ನೀರು ಕೊಟ್ಟರು. ಅತ್ತೆ ಮಾತ್ರ, "ಕಾರು ಇದ್ದವರು ಅಲ್ವಾ, ನಿಧಾನ ಬಂದ್ರೂ ಆಗ್ತದೆ," ಎಂದಳು. ಅಮ್ಮ ಆ ಮಾತನ್ನು ಮನೆಗೆ ತಂದಳು. ಪಾಯಸದ ಪಾತ್ರೆಯ ಹಾಗೆ ಮಡಿಲಲ್ಲಿ ಇಟ್ಟುಕೊಂಡು, ದಾರಿಯುದ್ದಕ್ಕೂ ತುಳುಕದಂತೆ.

ಅದರ ನಂತರ ಅಪ್ಪ ಮತ್ತಷ್ಟು ಹಟಕ್ಕೆ ಬಿದ್ದರು. ಮುಂಬಯಿಯ ಹೋಟೆಲಿನಲ್ಲಿದ್ದ ನೆಂಟರೊಬ್ಬರಿಂದ ಹೊಸ ನೈಲಾನ್ ಟೈರುಗಳನ್ನು ತರಿಸಿದರು. ಅವುಗಳನ್ನು ಹಾಕಿದ ಮೇಲೆ ನಡುಕ ಕಡಿಮೆಯಾಗುವ ಬದಲು ಹೆಚ್ಚಾಯಿತು. ಒಂದೊಂದೇ ಚಕ್ರ ಚಾವಡಿಗೆ ಬಂದು ವಾರಗಟ್ಟಲೆ ಕೂತು ಹೋಗುತ್ತಿತ್ತು. ಸಮವಾಯಿತೆಂದು ಜೋಡಿಸಿ, ಹೆದ್ದಾರಿಯಲ್ಲಿ ಹತ್ತಿರದ ಉಚ್ಚಿಲದವರೆಗೆ ಹೋಗಿ ನೋಡುವುದು, ಅದು ನಡುಗುವುದು. ಮುಖ ಗಂಟಿಕ್ಕಿಕೊಂಡು ಹಿಂದೆ ಬರುವುದು, ಕೊಟ್ಟಿಗೆಗೆ ಹಾಕುವುದು, ಮತ್ತೊಂದು ಚಕ್ರ ಬಿಚ್ಚುವುದು. ಒಂದು ಸಂಜೆ ಅಜ್ಜಿ, ಬೆಂಚಿನಲ್ಲಿ ಕಾಲು ನೀವಿಕೊಳ್ಳುತ್ತ, ಯಾರನ್ನೂ ನೋಡದೆ ಹೇಳಿದಳು:

"ಕೂತು ಕೂತು ನನ್ನ ಕಾಲಿಗೆ ಜೋಮು ಹಿಡಿದ ಹಾಗೆ ನನ್ನ ಅಣ್ಣನ ಗಾಡಿಗೂ ಹಿಡಿದದೆ. ನಾಲ್ಕು ಹೆಜ್ಜೆ ನಡೆಸು ಮಗಾ, ಬಿಡ್ತದೆ."

"ಅದು ಕಬ್ಬಿಣ, ಅಮ್ಮಾ. ಅದಕ್ಕೆಂತ ಜೋಮು?" ಎಂದು ಅಪ್ಪ ಕಿಟಕಿ ಮುಚ್ಚಿದರು.

ಆ ವರ್ಷ ಅಮ್ಮನ ತಂಗಿ ಬಸುರಿಯಾದಳು. ಏಳನೇ ತಿಂಗಳಲ್ಲಿ ಬಯಕೆಯ ಸಮಾರಂಭ. ನಮ್ಮಲ್ಲಿ ಬಸುರಿಯ ಮುಡಿಗೆ ಹೂ ಮುಡಿಸಿ, ಅವಳು ಬಯಸಿದ ತಿಂಡಿಗಳನ್ನೆಲ್ಲ ಎಲೆಗೆ ಬಡಿಸುವ ದಿನ. ಕಾರ್ಕಳದ ಅಜ್ಜಿಮನೆಯಲ್ಲಿ ಅಮ್ಮನ ತಾಯಿ ಬದುಕಿರಲಿಲ್ಲ. ಹೂ ಮುಡಿಸಬೇಕಾದವಳು ಅಕ್ಕನಾದ ಅಮ್ಮ. ಹೂವೂ ನಮ್ಮ ಕಡೆಯದೇ ಆಗಬೇಕು ಎಂದು ಚಿಕ್ಕಮ್ಮ ಹೇಳಿ ಕಳಿಸಿದ್ದಳು, ಶಂಕರಪುರದ ಮಲ್ಲಿಗೆ. ಕಾಪುವಿನ ಬಳಿಯ ಆ ಮಲ್ಲಿಗೆಯ ಮೊಗ್ಗನ್ನು ಬೆಳಿಗ್ಗೆ ಕೊಯ್ದು ಕಟ್ಟಿದರೆ ಮಧ್ಯಾಹ್ನದೊಳಗೆ ಮುಡಿಗೆ ಏರಬೇಕು. ಸಂಜೆಗೆ ಅರಳಿ ಬಾಡುತ್ತದೆ. ದಿನ ಗೊತ್ತಾದಂದೇ ಅಮ್ಮ ಅಪ್ಪನಿಗೆ ಹೇಳಿದಳು. ಮರುವಾರ ನೆನಪಿಸಿದಳು. ಹಿಂದಿನ ದಿನ ಮತ್ತೆ ಕೇಳಿದಳು.

"ನಾಳೆ ಕಾರು ಹೊರಡ್ತದಾ, ಇಲ್ವಾ?"

"ಹೊರಡದೆ ಎಂತ? ಎದುರಿನ ಬಲದ ಚಕ್ರ ಒಂದು ಬಾಕಿ. ಬೆಳಿಗ್ಗೆ ಎದ್ದು ಮುಗಿಸಿಬಿಡುವ."

ಬೆಳಿಗ್ಗೆ ಬಾಗಿಲುಗಳು ಮುಚ್ಚಿದವು. ಅಮ್ಮ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆಯ ಚೆಂಡುಗಳನ್ನು ಬಾಳೆಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಕಟ್ಟಿ, ಬೆಂಚಿನ ತುದಿಯಲ್ಲಿ ಕುಳಿತಳು. ನನಗೂ ಜಡೆ ಹಾಕಿ ಪಕ್ಕದಲ್ಲಿ ಕೂರಿಸಿದಳು. ಅಪ್ಪ ಚಕ್ರ ತಿರುಗಿಸಿ ಬಿಟ್ಟರು. ನಿಂತಿತು. ಸೀಸ ಸುತ್ತಿದರು. ತಿರುಗಿಸಿದರು. ಕೂದಲೆಳೆಯಷ್ಟು ಹಿಂದಕ್ಕೆ ತೂಗಿತು. ಸೀಸ ಬಿಚ್ಚಿ, ಹಲ್ಲಿನಿಂದ ಒಂದು ಚೂರು ಕಚ್ಚಿ ತೆಗೆದು ಮತ್ತೆ ಸುತ್ತಿದರು. ಗಡಿಯಾರ ಬಡಿಯಿತು. ಪೇಟೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಸೆಕೆಗೆ ಒದ್ದೆ ಬಟ್ಟೆಯ ಮೂಲೆ ಒಣಗತೊಡಗಿದ್ದನ್ನು ಅಮ್ಮ ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಎದ್ದು ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದಳು. ಕಡಲ ಗಾಳಿ ನುಗ್ಗಿ ಬಂತು. ಚಕ್ರ ತನ್ನಷ್ಟಕ್ಕೆ ಸುತ್ತತೊಡಗಿತು.

"ಎಂತ ಮಾಡಿದ್ದು ನೀನು! ಈಗ ನಿಲ್ಲುದರಲ್ಲಿತ್ತು!"

"ಅದು ನಿಲ್ಲಲಿ. ನಾನು ಹೊರಟೆ. ಮಲ್ಲಿಗೆಗೆ ನಿಮ್ಮ ಚಕ್ರ ಕಾಯ್ಲಿಕ್ಕೆ ಗೊತ್ತಿಲ್ಲ. ಬಾ ಮಗಾ."

ಅಜ್ಜಿ ಏನಾದರೂ ಹೇಳಿಯಾಳೆಂದು ನಾನು ತಿರುಗಿ ನೋಡಿದೆ. ಅಜ್ಜಿ ಸೆರಗಿನಿಂದ ಚೆನ್ನಾಗಿ ಗಾಳಿ ಹಾಕಿಕೊಳ್ಳುತ್ತಿದ್ದಳು.

ಹೀಗೆ ಕಾರಿದ್ದ ಮನೆಯ ಹೆಂಗಸು ಊರೆಲ್ಲ ನೋಡುವಂತೆ ಬಸ್ಸು ಹತ್ತಿದಳು. ಪಡುಬಿದ್ರಿಯಲ್ಲಿ ಬದಲಿಸಿದೆವು. ಅಲ್ಲಿ ಸ್ವಲ್ಪ ಹೊತ್ತು ಕಾಯಬೇಕಾಯಿತು. ಅಮ್ಮ ನಲ್ಲಿಯ ನೀರಿನಲ್ಲಿ ಬಟ್ಟೆ ಒದ್ದೆ ಮಾಡಿಕೊಂಡಳು. ಬೆಳ್ಮಣ್ಣಿನಲ್ಲಿ ಬಸ್ಸು ಜನ ಹತ್ತಿಸಲು ನಿಂತಿದ್ದಾಗ ಹಿಂದಿನಿಂದ ಹಾರ್ನ್ ಕೇಳಿಸಿತು. ಆ ಹಾರ್ನಿಗೆ ಮುದಿ ಬಾತುಕೋಳಿಯ ಗಂಟಲು. ಜಿಲ್ಲೆಯಲ್ಲಿ ಅಂಥದು ಇನ್ನೊಂದಿರಲಿಲ್ಲ. ಅಮ್ಮ ತಿರುಗಲಿಲ್ಲ, ಕಣ್ಣು ಮಾತ್ರ ಮುಚ್ಚಿದಳು. ಅಪ್ಪ ಇಷ್ಟು ಬೇಗ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ನಡುವೆ ಒಂದೇ ದೊಡ್ಡ ನಟ್ಟು ಇರುವ ಚಕ್ರ ಅದು; ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದರೆ ಮುಗಿಯಿತು. ಅಂದರೆ, ಇಷ್ಟು ಕಾಲ ಯಾವತ್ತು ಬೇಕಾದರೂ ಗಳಿಗೆಯಲ್ಲಿ ಜೋಡಿಸಿ ಹೊರಡಬಹುದಿತ್ತು. ಅಪ್ಪ ಇಳಿದು ಓಡಿ ಬಂದರು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಗ್ರೀಸಿನ ಪಂಚೆ, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ತುಂಡು.

"ಸುಮತೀ, ಇಳಿ! ನಡುಗುದಿಲ್ಲ! ಪಡುಬಿದ್ರಿಯವರೆಗೆ ನಡುಗಿತು, ಅಲ್ಲಿಂದ ಕಡಿಮೆ ಆಯ್ತು, ಈಗ ಹಾಲಿನ ಮೇಲೆ ಹೋದ ಹಾಗೆ. ಇಳಿ, ಇಳಿ!"

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯ ಕಡೆಗೆ ಬಂದರು. ಯಾರೋ, "ಇಳಿಯಿರಿ ಅಕ್ಕ, ಕಾರು ಬಂದಿದೆ," ಎಂದರು. ಇನ್ಯಾರೋ, "ಮದುಮಗನ ಕಾರು ಮಾರಾಯ್ರೆ!" ಎಂದು ನಕ್ಕರು. ಅಮ್ಮನ ಕಿವಿ ಕೆಂಪಾಯಿತು. ಹೂವಿನ ಪೊಟ್ಟಣವನ್ನು ಅವಳು ಮಡಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಇಳಿದರೆ ಆ ಕಾರು ಮತ್ತೆ ನಡುಗಬಹುದು, ಅಪ್ಪ ಮತ್ತೆ ನಿಲ್ಲಿಸಿ ಜಾಕ್ ಹಾಕಬಹುದು, ಹಿತ್ತಲಲ್ಲಿ ಮತ್ತೆ ಬಾಳೆಲೆಯ ರಾಶಿ. ಇಷ್ಟು ಮಾತ್ರ ನನಗೂ ತಿಳಿಯುತ್ತಿತ್ತು.

"ನಾನು ಟಿಕೇಟು ತೆಗೆದಾಗಿದೆ," ಎಂದಳು ಅಮ್ಮ.

"ಟಿಕೇಟು! ಮನೆಯ ಕಾರು ಬಂದು ನಿಂತದೆ, ಟಿಕೇಟಿನ ಮಾತಾಡ್ತೀಯಲ್ಲ!"

"ಕಾರು ಮನೆಯದ್ದೇ. ಹಿಂದಿನಿಂದ ಬನ್ನಿ. ಎಲ್ಲಿಯೂ ನಿಲ್ಲಿಸಬೇಡಿ."

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಿಗೆ ಯಾರ ಮಾತು ಕೇಳಬೇಕೆಂದು ತಿಳಿಯಲಿಲ್ಲ. ತಲೆ ಕೆರೆದುಕೊಂಡ.

"ಎಂತ ಮಾಡುದು ಅಕ್ಕಾ? ರೈಟ್ ಹೇಳ್ಲಾ?"

"ಹೇಳಿ."

ಅವನು ಬಸ್ಸಿನ ಮೈಯನ್ನು ಎರಡು ಸಲ ತಟ್ಟಿದ. ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅಪ್ಪನ ಕಪ್ಪು ಕಾರಿನ ಎರಡು ದೊಡ್ಡ ದೀಪಗಳು ಕಾರ್ಕಳದವರೆಗೆ ನಮ್ಮ ಬೆನ್ನು ಬಿಡಲಿಲ್ಲ.

ಹೂ ಇನ್ನೂ ಮೊಗ್ಗಾಗಿಯೇ ಇತ್ತು. ಚಿಕ್ಕಮ್ಮ ಅದನ್ನು ಮೂಸಿ, ಮುಡಿಯುವ ಮೊದಲೇ ಅತ್ತುಬಿಟ್ಟಳು. ಅಮ್ಮ, "ಬಸುರಿ ಅಳಬಾರದು, ಸುಮ್ಮನಿರು," ಎಂದು ಗದರಿಸುತ್ತ ಮುಡಿಸಿದಳು. ಅಪ್ಪ ಗಂಡಸರ ಪಂಕ್ತಿಯಲ್ಲಿ ಕುಳಿತು ತಮ್ಮ ಕೊನೆಯ ಸೀಸದ ಚೂರಿನ ಮಹಿಮೆಯನ್ನು ಮಾವನಿಗೆ ವಿವರಿಸಿದರು. ಹೋಳಿಗೆ ಬಂದರೂ ಮಾತು ನಿಲ್ಲಲಿಲ್ಲ. ಸಂಜೆ ನಾವು ಮೂವರೂ ಕಾರಿನಲ್ಲಿ ಹೊರಟೆವು. ಊರು ದಾಟುವ ಮೊದಲೇ ಅದು ಗಡಗಡ ನಡುಗತೊಡಗಿತು.

ಅಪ್ಪನ ಕಾಲು ಬ್ರೇಕಿನ ಕಡೆಗೆ ಹೋಯಿತು.

"ನಿಲ್ಲಿಸಬೇಡಿ," ಎಂದಳು ಅಮ್ಮ. "ದನ ಕರೆಯುವ ಹೊತ್ತಾಯ್ತು."

ಬೆಳ್ಮಣ್ಣು ಹತ್ತಿರವಾದಂತೆ ನಡುಕ ತಾನಾಗಿ ಸಣ್ಣದಾಗಿ, ಇಲ್ಲವಾಯಿತು. ಅಪ್ಪ ಬಸ್ಸು ನಿಂತಿದ್ದ ಜಾಗದಲ್ಲೇ ಕಾರು ನಿಲ್ಲಿಸಿ, ಇಳಿದು ಟೈರಿನ ಮೇಲೆ ಅಂಗೈ ಇಟ್ಟರು. ಬಿಸಿಯಾಗಿತ್ತು. ಸುತ್ತ ನಡೆದು ನಾಲ್ಕನ್ನೂ ಮುಟ್ಟಿದರು. ಆಗ ಅವರಿಗೆ ವಿಷಯ ಹೊಳೆಯಿತು. ನಿಂತಲ್ಲೇ ನಿಂತರೆ ಟೈರಿನ ಅಡಿ ಚಪ್ಪಟೆಯಾಗುತ್ತದೆ, ನೈಲಾನಿನದಂತೂ ಇನ್ನೂ ಹೆಚ್ಚು. ಕೆಲವು ಮೈಲಿ ಓಡಿ ಬಿಸಿಯಾದರೆ ಮತ್ತೆ ದುಂಡಗಾಗುತ್ತದೆ. ಒಂದು ಚಕ್ರ ಚಾವಡಿಯಲ್ಲಿ ಸಮವಾಗುತ್ತಿದ್ದಾಗ ಉಳಿದ ಮೂರು ಕೊಟ್ಟಿಗೆಯಲ್ಲಿ ಕಾರಿನ ಭಾರ ಹೊತ್ತು ಚಪ್ಪಟೆಯಾಗುತ್ತಿದ್ದವು. ಉಚ್ಚಿಲದವರೆಗೆ ಹೋಗಿ ತಿರುಗಿದರೆ ಬಿಸಿಯಾಗುವಷ್ಟು ದೂರವಲ್ಲ. ನಡುಗುತ್ತದೆಂದು ಹೋಗಲಿಲ್ಲ, ಹೋಗಲಿಲ್ಲವೆಂದು ನಡುಗಿತು. ಅಷ್ಟು ಸಂಜೆಗಳ ಗಾಳಿಯನ್ನು ನಾವು ಇದಕ್ಕೆ ಕೊಟ್ಟಿದ್ದೆವು. ಮನೆಯಲ್ಲಿ ಇದನ್ನು ಕೇಳಿದ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, "ಜೋಮು," ಎಂದಳು.

ಅಪ್ಪ ಸುಧಾರಿಸಿದರೆಂದು ಯಾರೂ ತಿಳಿಯಬಾರದು. ಕಾರು ಒಂದೇ ಮಗ್ಗುಲಲ್ಲಿ ನಿಲ್ಲಬಾರದೆಂದು ಹೊಸ ಕಾನೂನು ಮಾಡಿದರು. ದಿನಾ ಸಂಜೆ ದೀಪ ಹಚ್ಚಿದ ಮೇಲೆ, ಟೈರಿನ ಸೀಮೆಸುಣ್ಣದ ಗುರುತು ಸರಿಯುವಷ್ಟು ಅದನ್ನು ಮನೆಯವರೆಲ್ಲ ಸೇರಿ ದೂಡಬೇಕು. ಮಳೆಯಿರಲಿ, ಪರೀಕ್ಷೆಯಿರಲಿ, ಜ್ವರವಿರಲಿ. ನಾನು ಬೆನ್ನು ಕೊಟ್ಟು ದೂಡುತ್ತ ಆ ಗಾಡಿಯನ್ನು ಶಪಿಸಿದಷ್ಟು ಮತ್ತಾವುದನ್ನೂ ಶಪಿಸಿಲ್ಲ. ಅಮ್ಮ ಮಾತ್ರ ಎದುರಾಡದೆ ಸೀರೆ ಸಿಕ್ಕಿಸಿ ದೂಡಿದಳು. ಚಕ್ರದ ಅಚ್ಚನ್ನು ಚಾವಡಿಯಿಂದ ಕೊಟ್ಟಿಗೆಗೆ ಸಾಗಿಸಿ ಬಾಗಿಲು ತೆರೆದಿಟ್ಟಳು. ಆಮೇಲೆ ಕಾರನ್ನು ತನ್ನ ದಿನಚರಿಯೊಳಗೆ ಎಳೆದುಕೊಂಡಳು: ದೂಡಿದರೆ ಸಾಲದು, ಪ್ರತಿ ಭಾನುವಾರ ಅದು ಓಡಬೇಕು, ಉಚ್ಚಿಲದವರೆಗೆ ಅಲ್ಲ, ಟೈರು ಬಿಸಿಯಾಗುವವರೆಗೆ. ಅಂದರೆ ಬೆಳ್ಮಣ್ಣಿನವರೆಗೆ. ಗಂಜಿ ಉಂಡ ಕೂಡಲೇ ಹೊರಡಬೇಕು.

ಬೆಳ್ಮಣ್ಣಿನಲ್ಲಿ ಅಪ್ಪ ಇಳಿದು ನಾಲ್ಕು ಟೈರುಗಳನ್ನೂ ಮುಟ್ಟಿ ನೋಡಿ, "ಆಯ್ತು, ತಿರುಗಿಸುವ," ಎನ್ನುತ್ತಿದ್ದರು.

"ಅರ್ಧ ದಾರಿ ಬಂದಾಗಿದೆ. ಬಿಸಿ ಇರುವಾಗ ಯಾಕೆ ತಿರುಗಿಸುದು?"

ಅಪ್ಪ ಹಿಂದಿನ ಸೀಟಿನ ಕಡೆಗೆ ನೋಡುತ್ತಿದ್ದರು. ಅಲ್ಲಿ ಅಜ್ಜಿಯ ಪಕ್ಕದಲ್ಲಿ ಬಾಳೆಲೆಯ ಪೊಟ್ಟಣವೊಂದು, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು, ಬೆಳಿಗ್ಗೆಯಿಂದಲೇ ಇರುತ್ತಿತ್ತು. ಅಜ್ಜಿ ಹೊರಗೆ ನೋಡುತ್ತಿದ್ದಳು. ಅಪ್ಪ ಗೊಣಗುತ್ತ ಹತ್ತಿ ಕೂರುತ್ತಿದ್ದರು. ಅಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ಕಾರಿನ ಬಾಗಿಲನ್ನು ಎರಡು ಸಲ ತಟ್ಟುತ್ತಿದ್ದಳು.